ಎರಡು ಸಲ ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಆಯಿಲ್: ತೀರ್ಥಹಳ್ಳಿ ಕಡೆಯ ಒಂದು ಕ್ಲಚ್ ಕವರಿನ ಪ್ರಕರಣ

ಗಾಡಿ ನೂರು ಸಿಸಿಯ ಮೋಟಾರ್ ಬೈಕು. ಸಿಲಿಂಡರ್ ಮುಂದಕ್ಕೆ ಮಲಗಿರುವ, ಬಲಗಡೆ ಕಿಕ್ಕರ್ ಇರುವ, ಮಲೆನಾಡಿನ ಪ್ರತಿ ಮನೆಯಂಗಳದಲ್ಲೂ ಕಾಣುವ ಮಾದರಿ. ಇರುವುದು ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಒಳಗೆ, ಒಂದು ಅಡಿಕೆ ತೋಟದ ಮನೆಯಲ್ಲಿ. ಮನೆಯಿಂದ ತೋಟ, ತೋಟದಿಂದ ಹಾಲಿನ ಡೇರಿ, ವಾರಕ್ಕೊಮ್ಮೆ ಪೇಟೆ: ಇಷ್ಟೇ ಅದರ ಓಡಾಟ. ಹೆಚ್ಚಿನವು ಎರಡು ಮೂರು ಕಿಲೋಮೀಟರಿನ ಸಣ್ಣ ಓಟಗಳು. ದೂರು ಇದು: ಎಂಜಿನ್ನಿನ ಬಲಗಡೆ ಕ್ಲಚ್ಚನ್ನು ಮುಚ್ಚುವ ಕವರಿನ ಅಡಿಯಿಂದ ಆಯಿಲ್ ಇಳಿಯುತ್ತದೆ, ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ. ಒಂದೇ ಮಳೆಗಾಲದಲ್ಲಿ ಎರಡು ಸಲ ಪ್ಯಾಕಿಂಗ್ (ಕವರಿಗೂ ಎಂಜಿನ್ನಿಗೂ ನಡುವೆ ಕೂರುವ ಕಾಗದದ ಗ್ಯಾಸ್ಕೆಟ್) ಬದಲಾಗಿತ್ತು. ಎರಡನೆಯ ಸಲ ಪ್ಯಾಕಿಂಗಿನ ಎರಡೂ ಮಗ್ಗುಲಿಗೆ ಸಿಲಿಕಾನ್ ಪೇಸ್ಟ್ ಬಳಿದಿದ್ದರು. ಹದಿನೈದು ದಿನ ನಿಂತಂತೆ ಕಂಡು ಮತ್ತೆ ಶುರುವಾಯಿತು.

ಕವರಿನಿಂದ ಆಯಿಲ್ ಬಂದರೆ ಪ್ಯಾಕಿಂಗ್ ಹೋಗಿದೆ ಎಂದು ತೀರ್ಮಾನಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅರ್ಧ ಮಿಲಿಮೀಟರ್ ದಪ್ಪದ ಆ ಕಾಗದ ಆಯಿಲನ್ನು ಹಿಡಿದಿಡಬೇಕಾದರೆ ಎರಡೂ ಲೋಹದ ಮುಖಗಳು ಸಮ ಇರಬೇಕು, ಬೋಲ್ಟುಗಳೆಲ್ಲ ಒಂದೇ ಹದದಲ್ಲಿ ಒತ್ತಬೇಕು, ಎಂಜಿನ್ ಒಳಗಿನ ಗಾಳಿಗೆ ಹೊರಹೋಗುವ ದಾರಿ ಇರಬೇಕು. ಈ ಗಾಡಿಯಲ್ಲಿ ಆ ಮೂರೂ ಕೆಟ್ಟಿದ್ದವು. ಬದಲಿಸಿದ್ದು ಮಾತ್ರ ಪ್ಯಾಕಿಂಗನ್ನು.

ಎಷ್ಟು ಹೋಗುತ್ತಿದೆ, ಯಾವಾಗ ಹೋಗುತ್ತಿದೆ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ಲೆಕ್ಕ ಹಾಕಬೇಕು. ರಾತ್ರಿ ನಿಂತಾಗ ನೆಲದ ಮೇಲೆ ಬೀಳುತ್ತಿದ್ದದ್ದು ನಾಲ್ಕೈದು ಹನಿ. ಸುಮಾರು 20 ಹನಿಗೆ ಒಂದು ಮಿಲಿ ಲೀಟರ್ ಎಂದು ಹಿಡಿದರೆ ಅದು ಕಾಲು ಮಿಲಿ ಲೀಟರ್ ಆಯಿತು. ಆದರೆ ಮನೆಯವರು ಸುಮಾರು 600 ಕಿಲೋಮೀಟರಿಗೆ ಕಾಲು ಲೀಟರ್ ಆಯಿಲ್ ತುಂಬಿಸುತ್ತಿದ್ದರು. ತೋಟದ ದಾರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಸರಾಸರಿ ಎಂದರೂ ಅದು 20 ಗಂಟೆಯ ಓಟ, ಗಂಟೆಗೆ ಹನ್ನೆರಡು ಮಿಲಿ ಲೀಟರಿಗಿಂತ ಹೆಚ್ಚು. ಎಂದರೆ ನಿಂತಾಗ ಬೀಳುವುದು ಏನೂ ಅಲ್ಲ, ಓಡುವಾಗ ಹೋಗುವುದೇ ಎಲ್ಲ. ಹೀಗಿದ್ದಾಗ ಒಳಗಿನ ಒತ್ತಡವನ್ನು ಮೊದಲು ಅನುಮಾನಿಸಬೇಕು, ಇಲ್ಲವೇ ತಿರುಗುವ ಶಾಫ್ಟಿನ ಸೀಲನ್ನು. ಕಾಲು ಲೀಟರ್ ಸಣ್ಣ ಮಾತೂ ಅಲ್ಲ. ಈ ಎಂಜಿನ್ನುಗಳಲ್ಲಿ ಇರುವ ಒಟ್ಟು ಆಯಿಲೇ ಒಂದು ಲೀಟರಿನ ಒಳಗೆ ಹೊರಗೆ. ಕಾಲು ಭಾಗ ಕಡಿಮೆಯಾದರೆ ಏರಿನಲ್ಲಿ ಎಂಜಿನ್ ಕಾದು, ಮೊದಲು ಪೆಟ್ಟು ತಿನ್ನುವುದು ಹೆಡ್ಡಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್.

ಆಮೇಲೆ ತೊಳೆಯುವುದು. ಸೀಮೆಎಣ್ಣೆ ಇಲ್ಲವೇ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಎಂಜಿನ್ನಿನ ಬಲಗಡೆ ಪೂರ್ತಿ, ಸಿಲಿಂಡರ್ ಬುಡದಿಂದ ಫುಟ್‌ರೆಸ್ಟ್ ತನಕ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಪ್ರೆಷರ್ ವಾಷರ್ ಹಿಡಿಯುವುದಾದರೆ ಸೀಲುಗಳ ಮೇಲೆ, ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನ ಬಾಯಿಗೆ ನೇರ ಹೊಡೆಯಬಾರದು. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ಕವರಿನ ಅಂಚಿಗೆ, ಕಿಕ್ಕರ್ ಶಾಫ್ಟಿನ ಸುತ್ತ, ಕ್ಲಚ್ ಕೇಬಲ್ ಎಳೆಯುವ ಸಣ್ಣ ಆರ್ಮಿನ ಬುಡಕ್ಕೆ ತೆಳ್ಳಗೆ ಉದುರಿಸಿ ಐದು ಕಿಲೋಮೀಟರ್ ಓಡಿಸಬೇಕು. ವಾಪಸು ಬಂದ ಕೂಡಲೇ ಟಾರ್ಚ್ ಹಿಡಿದು ನೋಡಬೇಕಾದ್ದು ಹನಿ ಬೀಳುವ ಜಾಗವನ್ನಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂಬುದನ್ನು. ಆಯಿಲ್ ಕೆಳಕ್ಕೆ ಹರಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಇಲ್ಲಿ ಕಂಡದ್ದು ಹೀಗೆ. ಟ್ಯಾಪೆಟ್ ಕ್ಯಾಪು, ಸಿಲಿಂಡರ್ ಬುಡ ಒಣಗಿದ್ದವು. ಕ್ಲಚ್ ಆರ್ಮಿನ ಬುಡವೂ ಒಣ. ಕಿಕ್ಕರ್ ಶಾಫ್ಟಿನ ಸುತ್ತ ಪೌಡರ್ ಕೊಂಚ ಕಪ್ಪಾಗಿತ್ತು, ಹರಿದಿರಲಿಲ್ಲ. ಕವರಿನ ಕೆಳ ಅಂಚಿನಲ್ಲಿ, ಕಿಕ್ಕರಿನಿಂದ ಮುಂದಕ್ಕೆ ಎರಡನೆಯ ಬೋಲ್ಟಿನ ಹತ್ತಿರ, ಒಂದು ಗೆರೆ ಸ್ಪಷ್ಟವಾಗಿ ಒದ್ದೆಯಾಗಿತ್ತು. ಅಲ್ಲಿಂದ ಹಿಂದಕ್ಕೆ ಹರಿದು, ಹನಿ ಬೀಳುತ್ತಿದ್ದದ್ದು ನಾಲ್ಕು ಬೆರಳು ಆಚೆ. ಇದಲ್ಲದೆ ಅಂಚಿನ ಉದ್ದಕ್ಕೂ ಮೂರ್ನಾಲ್ಕು ಕಡೆ ಬೆವರಿದ ಹಾಗೆ ಸಣ್ಣ ಪಸೆ. ಒಂದು ಕಡೆ ಹರಿವು, ಉಳಿದ ಕಡೆಯೆಲ್ಲ ಪಸೆ ಎಂದರೆ ಒಳಗಿನಿಂದ ಯಾವುದೋ ತಳ್ಳುತ್ತಿದೆ.

ಮೊದಲು ಬ್ರೀದರ್

ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರ ಅಡಿಯ ಗಾಳಿಯನ್ನು ತಳ್ಳುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಅದನ್ನು ಸರಿದೂಗಿಸಲು ಇನ್ನೊಂದು ಪಿಸ್ಟನ್ ಇಲ್ಲ. ನಿಮಿಷಕ್ಕೆ 5,000 ಸುತ್ತಿನಲ್ಲಿ ಹೀಗೆ ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ ಒತ್ತಡ ಏರಿಳಿಯುತ್ತದೆ. ಪಿಸ್ಟನ್ ರಿಂಗ್ ದಾಟಿ ಬರುವ ಹೊಗೆಯೂ ಅದಕ್ಕೆ ಸೇರುತ್ತದೆ. ಇವೆರಡಕ್ಕೂ ಇರುವ ದಾರಿ ಬ್ರೀದರ್ ಪೈಪ್ ಒಂದೇ. ಅದು ಕಟ್ಟಿದರೆ ಗಾಳಿ ಬಲಹೀನ ಜಾಗ ಹುಡುಕುತ್ತದೆ, ಜೊತೆಗೆ ಆಯಿಲನ್ನೂ ಒಯ್ಯುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ನಿಧಾನ ಓಡುತ್ತಿರುವಾಗ ಪೈಪಿನ ತುದಿಗೆ ಅಂಗೈ ಹಿಡಿದರೆ ಒಳಗೆ ಹೊರಗೆ ಆಡುವ ಮೆಲ್ಲನೆಯ ಉಸಿರು ಸಿಗಬೇಕು. ಇಲ್ಲಿ ಏನೂ ಸಿಗಲಿಲ್ಲ. ಪೈಪನ್ನು ಎಂಜಿನ್ ಕಡೆಯಿಂದ ಕಳಚಿ ಅಲ್ಲಿ ಕೈ ಹಿಡಿದಾಗ ಉಸಿರು ಸಿಕ್ಕಿತು. ಪೈಪಿನೊಳಗೆ ತಂತಿ ತೂರಿಸಿದಾಗ ಬಂದದ್ದು ಎರಡು ಬಗೆಯ ಕಸ: ಕೆಳತುದಿಯಲ್ಲಿ ಗಟ್ಟಿಯಾದ ಕೆಂಪು ಮಣ್ಣು, ಅದರ ಮೇಲೆ ಮಜ್ಜಿಗೆಯ ಹಾಗೆ ಬಿಳಿಚಿಕೊಂಡ ಜಿಡ್ಡು. ಮಣ್ಣು ತೋಟದ ದಾರಿಯದ್ದು. ಜಿಡ್ಡು ಸಣ್ಣ ಓಟದ ಫಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆಷಾಢ, ಶ್ರಾವಣದಲ್ಲಿ ಈ ಭಾಗದ ಗಾಳಿಯೇ ಒದ್ದೆ. ಎರಡು ಕಿಲೋಮೀಟರಿನಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗೆ ಕೂತ ನೀರಿನ ಪಸೆ ಆವಿಯಾಗಿ ಹೊರಹೋಗುವುದಿಲ್ಲ, ಆಯಿಲ್ ಜೊತೆ ಕಲಸಿಕೊಂಡು ತಣ್ಣಗಿರುವ ಪೈಪಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ನಿಲ್ಲಿಸಿಟ್ಟ ಗಾಡಿಗಳಲ್ಲಿ ಇದೇ ಪೈಪಿನೊಳಗೆ ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸವೂ ಇರಬಹುದು, ಅದನ್ನೂ ನೋಡಿಕೊಳ್ಳಬೇಕು.

ಪೈಪ್ ಬಿಡಿಸಿದ ಮೇಲೆ ಸಿಕ್ಕ ಉಸಿರು ಹದವಾಗಿತ್ತು. ಹಬೆಯ ಹಾಗೆ ಜೋರಾಗಿ, ನೀಲಿ ಹೊಗೆಯೊಡನೆ ಬಂದಿದ್ದರೆ ರಿಂಗ್ ಸವೆದಿದೆ ಎಂದು ತಿಳಿಯಬೇಕಿತ್ತು. ಅಂಥ ಎಂಜಿನ್ನಿಗೆ ಯಾವ ಪ್ಯಾಕಿಂಗ್ ಹಾಕಿದರೂ ಬಹುದಿನ ನಿಲ್ಲುವುದಿಲ್ಲ. ಮತ್ತೆ ಪೌಡರ್ ಹಾಕಿ ಅದೇ ಐದು ಕಿಲೋಮೀಟರ್ ಓಡಿಸಿದಾಗ ಅಂಚಿನ ಪಸೆಗಳು ಮಾಯವಾದವು. ಬೋಲ್ಟಿನ ಬಳಿಯ ಗೆರೆ ಸಣ್ಣದಾಯಿತು, ಹೋಗಲಿಲ್ಲ. ಈಗ ಕವರ್ ಬಿಚ್ಚಲು ಕಾರಣ ಸಿಕ್ಕಂತಾಯಿತು.

ಈ ಹಂತದಲ್ಲಿ ಮನೆಯವರ ಕೋರಿಕೆ ಸಹಜವಾದದ್ದೇ: “ಪೇಸ್ಟ್ ಇನ್ನೊಂಚೂರು ದಪ್ಪ ಹಾಕಿ ಮಾರಾಯ್ರೆ, ಮಳೆ ಮುಗಿಯೋವರೆಗೆ ನಿಂತ್ರೆ ಸಾಕು.” ಮೆಕ್ಯಾನಿಕ್ ಕೊಟ್ಟ ಉತ್ತರವೂ ಸರಿಯಾದದ್ದು: “ಹೊರಗೆ ಕಾಣೋ ಅಷ್ಟೇ ಪೇಸ್ಟ್ ಒಳಗೂ ಹೋಗಿರುತ್ತೆ ಗೌಡ್ರೆ. ಬಿಚ್ಚಿದ ಮೇಲೆ ತೋರಿಸ್ತೀನಿ.”

ಬಿಚ್ಚಿದಾಗ ಸಿಕ್ಕಿದ್ದು

ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಮೇನ್ ಸ್ಟ್ಯಾಂಡ್ ಹಾಕಿ, ಅಡಿಯ 17ರ ಡ್ರೈನ್ ಬೋಲ್ಟ್ ಬಿಚ್ಚಿ ಪೂರ್ತಿ ಇಳಿಸಬೇಕು. ಈ ಮಾದರಿಯಲ್ಲಿ ಕವರ್ ಹೊರಬರಬೇಕಾದರೆ ಸೈಲೆನ್ಸರ್, ಫುಟ್‌ರೆಸ್ಟ್ ರಾಡ್, ಕಿಕ್ಕರ್ ಮೂರೂ ಬಿಚ್ಚಲೇಬೇಕು. ಅದನ್ನು ತಪ್ಪಿಸಲು ಕವರನ್ನು ವಾರೆ ಮಾಡಿ ಎಳೆಯುವವರು ಅಂಚಿಗೆ ಗಾಯ ಮಾಡುತ್ತಾರೆ. ಕಿಕ್ಕರ್ ಯಾವ ಹಲ್ಲಿಗೆ ಕೂತಿತ್ತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಕ್ಲಚ್ ಕೇಬಲ್ ಸಡಿಲಿಸಿ ಆರ್ಮಿನಿಂದ ತಪ್ಪಿಸಬೇಕು.

ಕವರಿನ ಬೋಲ್ಟುಗಳು 6 ಮಿಲಿಮೀಟರಿನವು, ತಲೆಗೆ 8ರ ಟಿ ಸ್ಪ್ಯಾನರ್. ಉದ್ದ ಎಲ್ಲಕ್ಕೂ ಒಂದೇ ಅಲ್ಲ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಆಯಾ ಜಾಗದಲ್ಲೇ ಚುಚ್ಚಿಡುವುದು ಈ ಕೆಲಸದಲ್ಲಿ ಬಿಡಬಾರದ ಅಭ್ಯಾಸ. ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸುತ್ತ ಹೋಗಬೇಕು. ಇಲ್ಲಿ ಕೆಳಗಿನ ಸಾಲಿನ ಎರಡು ಬೋಲ್ಟು ಅಲುಗಲಿಲ್ಲ. ತಲೆಯ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿತ್ತು, ಅಲ್ಲಲ್ಲಿ ಹಸಿರು ಕಲೆ.

ಅಡಿಕೆ ಸೀಮೆಯ ಗಾಡಿಗಳಲ್ಲಿ ಈ ಹಸಿರು ಕಲೆಯ ಮೂಲ ಹೆಚ್ಚಾಗಿ ಒಂದೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೀಳುತ್ತದೆ. ಮೈಲುತುತ್ತದ ನೀರು ಕ್ಯಾನಿನಿಂದ ತುಳುಕಿ ಎಂಜಿನ್ ಮೇಲೆ ಬೀಳುತ್ತದೆ. ಔಷಧಿಯಲ್ಲಿ ನೆಂದ ಕಾಲಲ್ಲೇ ಬ್ರೇಕ್ ಒತ್ತುತ್ತಾರೆ, ಕಿಕ್ಕರ್ ಹೊಡೆಯುತ್ತಾರೆ. ದ್ರಾವಣ ಹದವಾಗಿದೆಯೇ ಎಂದು ಕಬ್ಬಿಣದ ಚಾಕು ಅದ್ದಿ ನೋಡುವುದು ಎಲ್ಲ ತೋಟದವರಿಗೂ ಗೊತ್ತು: ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ, ಆ ಜಾಗದಲ್ಲಿ ಕಬ್ಬಿಣ ಕರಗಿರುತ್ತದೆ. ಅಲ್ಯೂಮಿನಿಯಂ ಮೇಲೆ ನಡೆಯುವುದೂ ಅದೇ ಕ್ರಿಯೆ. ತಾಮ್ರ ಕೂತ ಕಡೆ ಅಲ್ಯೂಮಿನಿಯಂ ತಿಂದುಹೋಗಿ ಗುಳಿ ಬೀಳುತ್ತದೆ, ಕಬ್ಬಿಣದ ಬೋಲ್ಟ್ ಅಲ್ಯೂಮಿನಿಯಂ ರಂಧ್ರದಲ್ಲಿ ಕಚ್ಚಿಕೊಳ್ಳುತ್ತದೆ. ಸುಣ್ಣ ಹೆಚ್ಚಾದರೂ ಅಲ್ಯೂಮಿನಿಯಮ್ಮಿಗೆ ಒಳ್ಳೆಯದಲ್ಲ.

ಕಚ್ಚಿಕೊಂಡ ಬೋಲ್ಟಿಗೆ ಬಲ ಹಾಕಿದರೆ ತಲೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ತಲೆಗೆ ಸುತ್ತಿಗೆಯಿಂದ ನಾಲ್ಕು ಸಣ್ಣ ಪೆಟ್ಟು ಕೊಟ್ಟು, ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಬೇಕು. ಎರಡೂ ಬಂದವು. ಅವುಗಳ ಮುಂದಿನ ಬೋಲ್ಟು, ಗೆರೆ ಒದ್ದೆಯಾಗಿದ್ದ ಜಾಗದ್ದು, ಕೈಯಲ್ಲೇ ಸುತ್ತಿಕೊಂಡು ಬಂತು. ಅದರ ಕೊನೆಯ ಮೂರು ನಾಲ್ಕು ಸುತ್ತಿನಲ್ಲಿ ಅಲ್ಯೂಮಿನಿಯಂ ಸುರುಳಿ ಸಿಕ್ಕಿಕೊಂಡಿತ್ತು. ರಟ್ಟಿನ ಮೇಲೆ ಜೋಡಿಸಿ ನೋಡಿದಾಗ ಕಾರಣ ತಿಳಿಯಿತು. ಉದ್ದದ ಬೋಲ್ಟು ಇರಬೇಕಾದ ಕಡೆ ಗಿಡ್ಡದ್ದು ಕೂತಿತ್ತು. ಅಲ್ಯೂಮಿನಿಯಂನಲ್ಲಿ 6 ಮಿಲಿಮೀಟರ್ ಬೋಲ್ಟಿಗೆ ಕನಿಷ್ಠ 9 ಮಿಲಿಮೀಟರ್ ಥ್ರೆಡ್ ಹಿಡಿತ ಬೇಕು. ಇಲ್ಲಿ ಸಿಕ್ಕಿದ್ದು ನಾಲ್ಕೇ ಮಿಲಿಮೀಟರ್. ಬಿಗಿದವರ ಕೈಗೆ ಬಿಗಿಯಾದಂತೆ ಅನಿಸಿದೆ, ಒಳಗೆ ಥ್ರೆಡ್ ಕಿತ್ತಿದೆ. ಗಿಡ್ಡ ರಂಧ್ರಕ್ಕೆ ಉದ್ದದ ಬೋಲ್ಟ್ ಹೋದರೆ ತೊಂದರೆ ಬೇರೆ ಬಗೆಯದು. ತುದಿ ತಳಕ್ಕೆ ತಾಗಿ ಬಿಗಿಯಾಗುತ್ತದೆ, ಕವರನ್ನು ಒತ್ತುವುದೇ ಇಲ್ಲ. ಇನ್ನೂ ಬಲ ಹಾಕಿದರೆ ಎಂಜಿನ್ನಿನ ಕೇಸ್ ಸೀಳುತ್ತದೆ.

ಕವರನ್ನು ರಬ್ಬರ್ ಸುತ್ತಿಗೆಯಿಂದ, ಅದನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್ನುಗಳ ಹತ್ತಿರ ತಟ್ಟಿ ಬಿಡಿಸಬೇಕು, ಸಂದಿಗೆ ಸ್ಕ್ರೂಡ್ರೈವರ್ ತೂರಿಸಬಾರದು. ಹಿಂದೆ ಯಾರೋ ತೂರಿಸಿದ್ದ ಗುರುತು ಕೆಳ ಅಂಚಿನಲ್ಲೇ ಇತ್ತು: ಎರಡು ಮಿಲಿಮೀಟರ್ ಅಗಲದ ಕಚ್ಚು, ಅದರ ಎರಡೂ ಮಗ್ಗುಲು ಎದ್ದ ಲೋಹ. ಈ ಎದ್ದ ಲೋಹವೇ ಕಚ್ಚಿಗಿಂತ ಹೆಚ್ಚು ಕೆಡುಕು, ಏಕೆಂದರೆ ಅದು ಕವರನ್ನು ಸುತ್ತಲೂ ಎತ್ತಿ ಹಿಡಿಯುತ್ತದೆ. ಕವರ್ ತೆಗೆಯುವಾಗ ಕಿಕ್ಕರ್ ಶಾಫ್ಟಿನ ವಾಷರ್ ಅದಕ್ಕೆ ಅಂಟಿಕೊಂಡು ಬಂದು ಬಿದ್ದುಹೋಗಬಹುದು, ನಿಗಾ ಇರಲಿ.

ಮೆಕ್ಯಾನಿಕ್ ತೋರಿಸುತ್ತೇನೆ ಎಂದದ್ದು ಒಳಗಿತ್ತು. ಬಲಗಡೆ ಕೇಸಿನ ಅಡಿಯಲ್ಲಿ ಆಯಿಲ್ ಜಾಲರಿ ಇರುತ್ತದೆ, ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಫಿಲ್ಟರ್ ಬಟ್ಟಲು. ಅಂಚಿನಿಂದ ಒಳಕ್ಕೆ ಉಕ್ಕಿ ಗಟ್ಟಿಯಾದ ಸಿಲಿಕಾನ್ ತುಣುಕುಗಳು ಹರಿದು ಜಾಲರಿಗೆ ಅಂಟಿದ್ದವು, ಸುಮಾರು ಮೂರನೇ ಒಂದು ಭಾಗ ಮುಚ್ಚಿತ್ತು. ಆಯಿಲ್ ಪಂಪು ಎಳೆಯುವುದು ಈ ಜಾಲರಿಯ ಮೂಲಕ. ಸಿಲಿಕಾನ್ ಪೆಟ್ರೋಲಿನಲ್ಲಾಗಲೀ ಆಯಿಲಿನಲ್ಲಾಗಲೀ ಕರಗುವುದಿಲ್ಲ, ಒಮ್ಮೆ ಒಳಗೆ ಬಿದ್ದರೆ ಕೈಯಲ್ಲೇ ತೆಗೆಯಬೇಕು. ಸೋರುವ ಕವರಿನಿಂದ ಎಂಜಿನ್ ಹಾಳಾಗುವುದಕ್ಕಿಂತ ಬೇಗ ಮುಚ್ಚಿದ ಜಾಲರಿಯಿಂದ ಹಾಳಾಗುತ್ತದೆ. ಜಾಲರಿ ತೆಗೆದು ತೊಳೆದು, ಬಟ್ಟಲಿನ ಒಳಗೆ ಕೂತ ಕರಿ ಜಿಡ್ಡನ್ನೂ ಕೆರೆದು ಹಾಕಲಾಯಿತು.

ಮುಖ, ಥ್ರೆಡ್, ಸೀಲ್

ಕ್ಲಚ್, ಗೇರುಗಳ ಸಂದಿಗೆ ಶುದ್ಧ ಬಟ್ಟೆ ತುರುಕಿ ಮುಚ್ಚಿಕೊಂಡ ಮೇಲೆಯೇ ಹಳೆಯ ಪ್ಯಾಕಿಂಗ್ ಕೆರೆಯಬೇಕು. ಬ್ಲೇಡನ್ನು ಮುಖಕ್ಕೆ ಮಟ್ಟವಾಗಿ ಮಲಗಿಸಿ ಹಿಡಿಯಬೇಕು. ತುದಿ ಚುಚ್ಚಿದರೆ ಇನ್ನೊಂದು ಗೀರು. ಗ್ರೈಂಡರಿನ ಬ್ರಷ್, ಕೈಯಲ್ಲಿ ಹಿಡಿದ ಉಪ್ಪುಕಾಗದ ಎರಡೂ ಬೇಡ, ಅವು ಅಂಚನ್ನು ದುಂಡಗೆ ಮಾಡುತ್ತವೆ. ಕೊನೆಗೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಹೋಗುತ್ತದೆ.

ಕೇಸಿನ ಮೇಲೆ ಎದ್ದ ಲೋಹವನ್ನು ನಯವಾದ ಸಾಣೆಕಲ್ಲಿನಿಂದ, ಎಣ್ಣೆ ಹಾಕಿ, ಮಟ್ಟ ಬರುವ ತನಕ ಮಾತ್ರ ಉಜ್ಜಬೇಕು. ಕವರಿನದು ಬೇರೆ ವಿಧಾನ. ದಪ್ಪ ಗಾಜಿನ ಮೇಲೆ ಕವುಚಿ ಇಟ್ಟು ಸುತ್ತ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿದಾಗ ಕೆಳ ಅಂಚಿನಲ್ಲಿ 0.10 ಮಿಲಿಮೀಟರ್ ಎಲೆ ಹೋಗುತ್ತಿತ್ತು. 0.05ರ ಎಲೆಯೂ ಹೋಗಬಾರದು ಎಂಬುದನ್ನು ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು. ಅದೇ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಮುಖಕ್ಕೆ ನೀಲಿ ಮಾರ್ಕರ್ ಬಳಿದು, ಕವರನ್ನು ಹೆಚ್ಚು ಒತ್ತದೆ ಎಂಟರ ಆಕಾರದಲ್ಲಿ ಆಡಿಸಿದರೆ ಎತ್ತರದ ಕಡೆ ನೀಲಿ ಮೊದಲು ಹೋಗುತ್ತದೆ. ಎಲ್ಲ ಕಡೆ ನೀಲಿ ಹೋದ ಕ್ಷಣ ನಿಲ್ಲಿಸಬೇಕು. ಆಮೇಲೆ ಸೋಪಿನ ನೀರಲ್ಲಿ ತೊಳೆದು, ರಂಧ್ರಗಳಿಗೆಲ್ಲ ಗಾಳಿ ಹೊಡೆದು ಪುಡಿ ತೆಗೆಯದಿದ್ದರೆ ಆ ಪುಡಿ ಬೇರಿಂಗ್ ತಿನ್ನುತ್ತದೆ.

ಕಿತ್ತ ಥ್ರೆಡ್ಡಿಗೆ ಹೆಲಿಕಾಯಿಲ್, ಎಂದರೆ ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ, ಹಾಕಲಾಯಿತು. ರಂಧ್ರ ದೊಡ್ಡದು ಮಾಡಿ 8ರ ಬೋಲ್ಟ್ ಹಾಕುವ ರೂಢಿಯೂ ಇದೆ, ಆದರೆ ಅಂಚಿನಲ್ಲಿ ಲೋಹ ತೆಳ್ಳಗಿರುವುದರಿಂದ ಕೇಸ್ ಬಿರುಕು ಬಿಡುತ್ತದೆ. ಆರರ ಬೋಲ್ಟಿನ ಸುರುಳಿಗೆ 6.3 ಮಿಲಿಮೀಟರ್ ಡ್ರಿಲ್, ಆ ಸುರುಳಿಗೆಂದೇ ಬರುವ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ), 9 ಮಿಲಿಮೀಟರ್ ಉದ್ದದ ಸುರುಳಿ ಬೇಕು. ಡ್ರಿಲ್ ಬಿಟ್ಟಿಗೆ ಆಳದ ಗುರುತಿಗೆ ಟೇಪ್ ಸುತ್ತಿ, ಹಲ್ಲುಗಳಿಗೆ ಗ್ರೀಸ್ ತುಂಬಿದರೆ ಅಲ್ಯೂಮಿನಿಯಂ ಚೂರು ಅದಕ್ಕೇ ಅಂಟುತ್ತದೆ; ಅಯಸ್ಕಾಂತ ಇದನ್ನು ಎತ್ತುವುದಿಲ್ಲ. ಸುರುಳಿಯ ತಲೆ ಮುಖಕ್ಕಿಂತ ಅರ್ಧ ಸುತ್ತು ಒಳಗೆ ಕೂರಬೇಕು, ಹೊರಗೆ ಇಣುಕಿದರೆ ಪ್ಯಾಕಿಂಗನ್ನು ಎತ್ತುತ್ತದೆ. ಅಡಿಯ ಬಾಲವನ್ನು ಮುರಿದು ಹೊರತೆಗೆಯಲು ಮರೆಯಬಾರದು. ಡ್ರಿಲ್ ನೆಟ್ಟಗೆ ಹಿಡಿಯುವ ಅಭ್ಯಾಸ ಇಲ್ಲದವರು ಈ ಒಂದು ಕೆಲಸವನ್ನು ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಲೇತ್ ಕೆಲಸದವರಿಗೆ ಒಪ್ಪಿಸುವುದೇ ಸರಿ.

ಕಿಕ್ಕರ್ ಶಾಫ್ಟಿನ ಸೀಲ್ ಕೊಂಚ ಬೆವರಿದ್ದರಿಂದ ಅದನ್ನೂ ಬದಲಿಸಲಾಯಿತು. ಅದಕ್ಕೆಂದು ಮತ್ತೊಮ್ಮೆ ಇಷ್ಟೆಲ್ಲ ಬಿಚ್ಚುವುದು ವ್ಯರ್ಥ. ಅಳತೆ ಸೀಲಿನ ಮೇಲೆಯೇ ಬರೆದಿರುತ್ತದೆ, ಹಳೆಯದನ್ನು ಅಂಗಡಿಗೆ ಒಯ್ಯಬೇಕು. ಸ್ಪ್ರಿಂಗ್ ಇರುವ ಮುಖ ಒಳಕ್ಕೆ, ತುಟಿಗೆ ಗ್ರೀಸ್, ಕೂರಿಸಲು ಅದೇ ಅಳತೆಯ ಸಾಕೆಟ್. ಕವರ್ ಹಾಕುವಾಗ ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತದಿದ್ದರೆ ಹೊಸ ಸೀಲಿನ ತುಟಿ ಅಲ್ಲೇ ಹರಿಯುತ್ತದೆ.

ಜೋಡಣೆ

ಪ್ಯಾಕಿಂಗ್ ಕಂಪನಿಯದ್ದೇ ಹಾಕಬೇಕು. ಶೀಟ್ ಕತ್ತರಿಸಿ ಮಾಡುವುದೇ ಆದರೆ ಹಳೆಯದರಷ್ಟೇ ದಪ್ಪದ್ದು ಇರಲಿ. ಒಂದು ಮಿಲಿಮೀಟರಿನದು ಹಾಕಿದರೆ ಕವರ್ ಹೊರಕ್ಕೆ ಸರಿದು ಕಿಕ್ಕರ್ ಶಾಫ್ಟಿನ ಆಟ ಹೆಚ್ಚುತ್ತದೆ. ಎರಡೂ ಡೋವೆಲ್ ಪಿನ್ ಇವೆಯೇ ನೋಡಿ, ಪ್ಯಾಕಿಂಗನ್ನು ಒಣಗಿದ್ದಂತೆಯೇ ಕೂರಿಸಲಾಯಿತು. ಕಚ್ಚು ಇದ್ದ ಒಂದೇ ಜಾಗಕ್ಕೆ ಉಗುರಿನಷ್ಟು ಸಿಲಿಕಾನ್, ಕಚ್ಚು ತುಂಬುವಷ್ಟೇ, ಮುಖದ ಮಟ್ಟಕ್ಕೆ ಒರೆಸಿ. ಪೇಸ್ಟಿಗೆ ಇಲ್ಲಿ ಇದ್ದ ಕೆಲಸ ಅಷ್ಟೇ.

ಎಲ್ಲ ಬೋಲ್ಟುಗಳನ್ನೂ ಬೆರಳಲ್ಲೇ ಕೊನೆಯ ತನಕ ಸುತ್ತಿ, ತಲೆಗಳೆಲ್ಲ ಕವರಿನಿಂದ ಒಂದೇ ಎತ್ತರದಲ್ಲಿ ನಿಂತಿವೆಯೇ ನೋಡಬೇಕು. ಒಂದು ಹೆಚ್ಚು ಎದ್ದಿದ್ದರೆ ಅದು ತಪ್ಪು ಜಾಗದ ಬೋಲ್ಟ್. ಆಮೇಲೆ ಎದುರುಬದುರಾಗಿ ಮೂರು ಹಂತದಲ್ಲಿ 10 ನ್ಯೂಟನ್ ಮೀಟರ್ ತನಕ. ಟಾರ್ಕ್ ರೆಂಚ್ ಇಲ್ಲದಿದ್ದರೆ 10 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 10 ಕಿಲೋ ತೂಕ ನೇತುಹಾಕಿದಷ್ಟು ಬಲ ಎಂದು ಹಿಡಿಯಬಹುದು. ಉದ್ದದ ಹಿಡಿಯ ರ‍್ಯಾಚೆಟ್ ಈ ಬೋಲ್ಟಿಗೆ ಹಾಕಲೇಬಾರದು. ಡ್ರೈನ್ ಬೋಲ್ಟಿಗೆ ಹೊಸ ಅಲ್ಯೂಮಿನಿಯಂ ವಾಷರ್. ಸೈಲೆನ್ಸರ್ ಬಾಯಿಗೆ ಹೊಸ ರಿಂಗ್. ಕ್ಲಚ್ ಲಿವರಿನ ಆಟ 10ರಿಂದ 20 ಮಿಲಿಮೀಟರ್.

ಆಯಿಲ್ 10ಡಬ್ಲ್ಯು-30, ಡಬ್ಬದ ಮೇಲೆ ಜಾಸೋ ಎಂಎ (ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿನ ಬೈಕುಗಳಿಗೆ ಆಗುವ ಆಯಿಲ್ ಎಂಬ) ಗುರುತು ಇರುವಂಥದ್ದು. ಕಾರಿನ ಆಯಿಲ್ ಹಾಕಿದರೆ ಆಯಿಲಿನಲ್ಲೇ ಮುಳುಗಿರುವ ಈ ಕ್ಲಚ್ ಜಾರಬಹುದು. ಡಬ್ಬ ಪೂರ್ತಿ ಸುರಿಯದೆ ಕೊನೆಯ ಭಾಗವನ್ನು ಅಳೆದು ಹಾಕಬೇಕು. ಎಂಜಿನ್ ಮೂರು ನಿಮಿಷ ಓಡಿಸಿ, ಮೂರು ನಿಮಿಷ ಬಿಟ್ಟು, ಮೇನ್ ಸ್ಟ್ಯಾಂಡಿನಲ್ಲಿ, ಡಿಪ್‌ಸ್ಟಿಕ್ ತಿರುಗಿಸದೆ ಇಳಿಸಿ ನೋಡಿದಾಗ ಮೇಲಿನ ಗೆರೆಯ ಒಳಗೇ ಇರಬೇಕು. ಗೆರೆ ಮೀರಿದರೆ ಬ್ರೀದರಿನಿಂದಲೇ ಆಯಿಲ್ ಉಗುಳುತ್ತದೆ, ಅದನ್ನು ನೋಡಿ ಮತ್ತೆ ಕವರಿನ ಮೇಲೆ ಅನುಮಾನ ಹುಟ್ಟುತ್ತದೆ.

ಬ್ರೀದರಿಗೆ ಹೊಸ ಪೈಪ್ ಹಾಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ನಡುವೆ ಎಲ್ಲೂ ಜೋತು ನೀರು ನಿಲ್ಲದಂತೆ, ಚೈನಿಗೂ ಹಿಂದಿನ ಚಕ್ರದ ಕೆಸರಿಗೂ ಸಿಗದ ಎತ್ತರಕ್ಕೆ ಕಟ್ಟಲಾಯಿತು. ಪೈಪ್ ಏರ್ ಫಿಲ್ಟರ್ ಡಬ್ಬಕ್ಕೆ ಹೋಗುವ ಗಾಡಿಗಳಲ್ಲಿ ಅದನ್ನು ಕಿತ್ತು ಹೊರಗೆ ಬಿಡಬಾರದು. ಡಬ್ಬದ ಅಡಿಯ ಸಣ್ಣ ಕೊಳವೆಯಲ್ಲಿ ಕೂತ ಜಿಡ್ಡನ್ನು ಆಗಾಗ ಇಳಿಸಿದರೆ ಸಾಕು.

ಮತ್ತೆ ಪೌಡರ್, ಅದೇ ದಾರಿ, ಅದೇ ಐದು ಕಿಲೋಮೀಟರ್: ಕವರಿನ ಸುತ್ತ ಬಿಳಿ ಹಾಗೇ ಇತ್ತು. ಮರುದಿನ ಎಂಜಿನ್ ತಣ್ಣಗಿದ್ದಾಗ ಬೋಲ್ಟುಗಳನ್ನು ಒಂದು ಸಲ ಅದೇ 10 ನ್ಯೂಟನ್ ಮೀಟರಿಗೆ ನೋಡಿ, ಅಲ್ಲಿಗೆ ಬಿಡಲಾಯಿತು. ಒಳಗೆ ಟ್ಯಾಪ್ ಹಾಕಿದ ಎಂಜಿನ್ ಆದ್ದರಿಂದ ಆಯಿಲನ್ನು 500 ಕಿಲೋಮೀಟರಿಗೇ ಬದಲಿಸಿದರು. ಬಿಳಿ ಬಟ್ಟೆಯಲ್ಲಿ ಸೋಸಿದಾಗ ಲೋಹದ ಮಿನುಗು ಇರಲಿಲ್ಲ, ಹಳೆಯ ಸಿಲಿಕಾನಿನ ಎರಡು ಸಣ್ಣ ಚೂರು ಸಿಕ್ಕವು. ಅಷ್ಟು ಓಟದಲ್ಲಿ ಡಿಪ್‌ಸ್ಟಿಕ್ ಮೇಲಿನ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿರಲಿಲ್ಲ. ಎಡಗಡೆ ಮುಂದಿನ ಸ್ಪ್ರಾಕೆಟಿನ ಹತ್ತಿರ ಕಂಡ ಕಪ್ಪು ಪಸೆ ಚೈನಿಗೆ ಬಿಟ್ಟ ಎಣ್ಣೆ ಸಿಡಿದದ್ದು. ಒರೆಸಿ ಪೌಡರ್ ಹಾಕಿ ನೋಡಿ ಖಚಿತವಾಯಿತು. ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಕ್ಯಾನಿಗೆ ಬಿಗಿ ಮುಚ್ಚಳ ಹಾಕಿ ಎಡಗಡೆ ಕಟ್ಟುವುದು, ಅದೇ ಸಂಜೆ ಎಂಜಿನ್ನಿನ ಎರಡೂ ಬದಿಗೆ ಎರಡು ಬಕೆಟ್ ಬರಿ ನೀರು ಹೊಯ್ಯುವುದು, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ತೀರ್ಥಹಳ್ಳಿ ಪೇಟೆಯ ತನಕ ಓಡಿಸಿ ಎಂಜಿನ್ ಪೂರ್ತಿ ಕಾಯಿಸಿ ಬ್ರೀದರ್ ತುದಿಗೆ ಅಂಗೈ ಹಿಡಿದು ನೋಡುವುದು: ಮನೆಯವರಿಗೆ ಬರೆದುಕೊಟ್ಟದ್ದು ಈ ಮೂರು.